ಇಟಲಿ–ಸ್ವಿಟ್ಜರ್ಲೆಂಡ್ ಎರಡು ವಾರ: ರೈಲೇ ಸಾಕೇ, ಕಾರೂ ಬೇಕೇ?

ನಮ್ಮ ಕಡೆಯಿಂದ ಮೊದಲ ಸಲ ಯುರೋಪಿಗೆ ಹೊರಡುವ ಕುಟುಂಬಗಳು ಬಹಳ ಸಲ ಹಾಕಿಕೊಳ್ಳುವ ದಾರಿ ಒಂದೇ: ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್, ಅಲ್ಲಿಂದ ಆಲ್ಪ್ಸ್ ದಾಟಿ ಇಂಟರ್‌ಲಾಕೆನ್, ಜ್ಯೂರಿಕ್. ಈ ದಾರಿಗೆ ರೈಲೊಂದೇ ಸಾಕು ಎನ್ನುವ ವಾದ ಮೊದಲು, ಸಾಲದು ಎನ್ನುವ ವಾದ ಆಮೇಲೆ.

ಪರ: ರೈಲೇ ಸಾಕು

ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿನಿಂದ ಹೊರಬಿದ್ದು, ಪೆಟ್ಟಿಗೆ ಎಳೆದುಕೊಂಡು ಹತ್ತು ನಿಮಿಷ ನಡೆದರೆ ದೊಡ್ಡ ಗುಮ್ಮಟದ ಕೆಥೆಡ್ರಲ್ ಎದುರಿಗಿರುತ್ತದೆ. ವೆನಿಸಿನ ಸಾಂತಾ ಲೂಚಿಯಾ ಸ್ಟೇಷನ್ನಿನ ಮೆಟ್ಟಿಲಿಳಿದರೆ ಮುಂದೆ ಗ್ರ್ಯಾಂಡ್ ಕೆನಾಲ್. ಅದೇ ವೆನಿಸಿಗೆ ಕಾರಿನಲ್ಲಿ ಬಂದವರು ಪಿಯಾತ್ಸಾಲೆ ರೋಮಾ ಇಲ್ಲವೇ ಟ್ರೊಂಕೆಟ್ಟೊದಲ್ಲಿ ಗಾಡಿ ಬಿಟ್ಟು, ದಿನಕ್ಕಿಷ್ಟು ಎಂದು ಪಾರ್ಕಿಂಗ್ ಕಟ್ಟಿ, ಅಲ್ಲಿಂದ ದೋಣಿ ಹಿಡಿಯಬೇಕು. ಈ ಊರುಗಳ ನಡುಭಾಗವೆಲ್ಲ ಕಾರು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಕಟ್ಟಿದ್ದು. ಓಣಿಗಳ ಅಗಲ ಕಾಲ್ನಡಿಗೆಯ ಲೆಕ್ಕದ್ದು. ಕಾರು ನಿಮ್ಮನ್ನು ಊರ ಬಾಗಿಲವರೆಗೆ ತರಬಹುದು, ಒಳಗೆ ಕರೆದೊಯ್ಯಲಾರದು.

ಲೆಕ್ಕ ಹಾಕಿ ನೋಡಿ. ರೋಮ್‌ನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ. ರಸ್ತೆಯಲ್ಲಿ ಸುಮಾರು 275 ಕಿ.ಮೀ., ಎರಡು ಊರುಗಳ ಟ್ರಾಫಿಕ್ ಸೇರಿ ಮೂರು ಗಂಟೆಗೆ ಕಡಿಮೆಯಿಲ್ಲ. ಲೀಟರಿಗೆ 15 ಕಿ.ಮೀ. ಸಿಕ್ಕರೂ 18 ಲೀಟರ್ ಪೆಟ್ರೋಲ್ ಬೇಕು, ಲೀಟರಿಗೆ 1.8 ಯೂರೋ ಹಿಡಿದರೆ 32 ಯೂರೋ. ಟೋಲ್ 20 ಯೂರೋ ಆಸುಪಾಸು. ಫ್ಲಾರೆನ್ಸಿನಲ್ಲಿ ಗ್ಯಾರೇಜಿಗೆ ದಿನಕ್ಕೆ 25ರಿಂದ 40 ಯೂರೋ. ಇವೆಲ್ಲ ಕಾರಿನ ಬಾಡಿಗೆ, ವಿಮೆ ಬಿಟ್ಟು. ಫ್ಲಾರೆನ್ಸಿನಲ್ಲಿ ಮೂರು ದಿನ ಇದ್ದರೆ ಆ ಮೂರು ದಿನವೂ ಕಾರು ನಿಂತಲ್ಲೇ ನಿಂತು ದುಡ್ಡು ತಿನ್ನುತ್ತದೆ, ಏಕೆಂದರೆ ಅಲ್ಲಿ ನೋಡುವುದೆಲ್ಲ ನಡೆದೇ ನೋಡುವಂಥದ್ದು.

ಇಟಲಿಯ ವೇಗದ ರೈಲುಗಳಲ್ಲಿ ಎರಡು ಕಂಪನಿಗಳ ಪೈಪೋಟಿ ಇದೆ: ಸರ್ಕಾರಿ ಒಡೆತನದ ಟ್ರೆನಿಟಾಲಿಯಾದ ಫ್ರೆಚ್ಚಾರೋಸಾ, 2012ರಿಂದ ಓಡುತ್ತಿರುವ ಖಾಸಗಿ ಇಟಾಲೋ. ಎರಡೂ ಅದೇ ಹಳಿಯ ಮೇಲೆ, ಹೆಚ್ಚುಕಮ್ಮಿ ಅಷ್ಟೇ ಹೊತ್ತಿನಲ್ಲಿ ಓಡುತ್ತವೆ. ದರ ವಿಮಾನದ ಟಿಕೆಟ್ಟಿನಂತೆ ಏರುತ್ತದೆ. ಎರಡು ತಿಂಗಳು ಮೊದಲು ರೋಮ್–ಫ್ಲಾರೆನ್ಸ್‌ಗೆ 20 ಯೂರೋ ಆಸುಪಾಸಿಗೆ ಸಿಗುವ ಸೀಟು, ಹೊರಡುವ ದಿನ 50 ದಾಟಬಹುದು. ಅಗ್ಗದ ದರಕ್ಕೊಂದು ಷರತ್ತಿದೆ: ಟ್ರೆನಿಟಾಲಿಯಾದ ಸೂಪರ್ ಎಕಾನಮಿ ಟಿಕೆಟ್ ರದ್ದು ಮಾಡಿದರೆ ಹಣ ಬರುವುದಿಲ್ಲ. ಹಾಗಾಗಿ ಈ ಎರಡೂ ದೇಶಕ್ಕೆ ಸಲ್ಲುವ ಶೆಂಗೆನ್ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟುವವರೆಗೆ ಅದನ್ನು ಕೊಳ್ಳಬೇಡಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಲು ಅವಕಾಶವಿದೆ. ಬೇಗ ಹಾಕಿ, ಬೇಗ ಪಡೆದು, ಅಗ್ಗದ ಟಿಕೆಟ್ ಇರುವಾಗಲೇ ಕೊಳ್ಳುವುದು ಸರಿಯಾದ ಕ್ರಮ.

ಯುರೋಪಿನ ಹಲವು ದೇಶಗಳ ರೈಲಿಗೆ ಸಲ್ಲುವ ಯೂರೇಲ್ ಪಾಸು ಕೊಂಡುಬಿಟ್ಟರೆ ಎಲ್ಲ ಮುಗಿಯಿತು ಎನ್ನುವ ನಂಬಿಕೆ ಬಹಳ ಜನರಲ್ಲಿದೆ. ಈ ದಾರಿಗೆ ಅದು ಅಷ್ಟು ಸರಿಹೊಂದುವುದಿಲ್ಲ. ಇಟಲಿಯ ವೇಗದ ರೈಲಿನಲ್ಲಿ ಪಾಸಿದ್ದವರೂ ಪ್ರತಿ ಪ್ರಯಾಣಕ್ಕೆ ಸೀಟು ಕಾಯ್ದಿರಿಸಿ ಬೇರೆ ಹಣ ಕಟ್ಟಬೇಕು. ಸ್ವಿಟ್ಜರ್ಲೆಂಡಿನಲ್ಲಿ ಇಂಟರ್‌ಲಾಕೆನ್ ಓಸ್ಟ್ ಸ್ಟೇಷನ್ನಿನಿಂದ ಮೇಲಕ್ಕೆ ಹೋಗುವ ಪರ್ವತ ರೈಲುಗಳಲ್ಲಿ ಅದಕ್ಕೆ ರಿಯಾಯಿತಿ ಮಾತ್ರ. ಇಟಲಿಗೆ ಬಿಡಿ ಟಿಕೆಟ್, ಸ್ವಿಟ್ಜರ್ಲೆಂಡಿಗೆ ಅಲ್ಲಿನದೇ ಪಾಸು, ಇದೇ ಮೇಲು.

ಸ್ಟೇಷನ್ನಿನಲ್ಲಿ ಎಡವುವುದು ಬೋರ್ಡ್ ಓದುವಾಗ. ‘ಪಾರ್ತೆಂಜೆ’ ಎಂದರೆ ಹೊರಡುವ ರೈಲುಗಳು, ‘ಆರ್ರಿವಿ’ ಎಂದರೆ ಬರುವ ರೈಲುಗಳು. ಬೋರ್ಡಿನಲ್ಲಿ ದೊಡ್ಡದಾಗಿ ಇರುವುದು ರೈಲಿನ ಕೊನೆಯ ಊರು, ನೀವು ಇಳಿಯುವ ಊರಲ್ಲ. ರೋಮ್‌ನಲ್ಲಿ ‘ಫಿರೆಂಜೆ’ (ಫ್ಲಾರೆನ್ಸಿನ ಇಟಾಲಿಯನ್ ಹೆಸರು) ಎಂದು ಹುಡುಕುತ್ತಾ ನಿಂತವರ ಕಣ್ಣೆದುರೇ ‘ವೆನೇತ್ಸಿಯಾ’ (ವೆನಿಸ್) ಎಂದು ಬರೆದ ಅವರ ರೈಲು ಹೊರಟುಹೋಗುತ್ತದೆ. ಟಿಕೆಟ್ಟಿನಲ್ಲಿರುವ ರೈಲಿನ ನಂಬರನ್ನು ಬೋರ್ಡಿನ ನಂಬರಿಗೆ ಹೋಲಿಸಿ. ‘ಬಿನಾರಿಯೊ’ ಎಂದರೆ ಪ್ಲಾಟ್‌ಫಾರ್ಮ್. ದೊಡ್ಡ ಸ್ಟೇಷನ್‌ಗಳಲ್ಲಿ ಅದು ಗೊತ್ತಾಗುವುದು ಹೊರಡಲು ಹತ್ತು–ಹದಿನೈದು ನಿಮಿಷ ಇರುವಾಗ. ‘ರಿತಾರ್ದೊ’ದ ಮುಂದಿನ ಅಂಕಿ ಎಷ್ಟು ನಿಮಿಷ ತಡ ಎಂದು. ‘ಸೊಪ್ರೆಸ್ಸೊ’ ಎಂದಿದ್ದರೆ ರದ್ದು. ಈ ಐದು ಪದ ಗೊತ್ತಿದ್ದರೆ ಯಾರನ್ನೂ ಕೇಳಬೇಕಿಲ್ಲ. ಕೇಳದಿರುವುದೇ ಒಳ್ಳೆಯದು ಕೂಡ: ರೋಮಾ ಟರ್ಮಿನಿ, ಮಿಲಾನೊ ಚೆಂತ್ರಾಲೆಯ ಟಿಕೆಟ್ ಯಂತ್ರದ ಬಳಿ ತಾವಾಗಿ ಸಹಾಯಕ್ಕೆ ಬರುವವರಲ್ಲಿ ಜೇಬುಗಳ್ಳರೂ ಇರುತ್ತಾರೆ.

ಪೀಸಾ, ಬೊಲೊನ್ಯಾದಂಥ ಹತ್ತಿರದ ಊರಿಗೆ ‘ರೆಜಿಯೊನಾಲೆ’ ರೈಲು. ಇದರ ದರ ದೂರಕ್ಕೆ ತಕ್ಕಂತೆ ನಿಗದಿ, ಮುಂಚೆ ಕೊಂಡರೆ ಅಗ್ಗವೇನಿಲ್ಲ, ಸೀಟು ನಂಬರೂ ಇಲ್ಲ. ಆದರೆ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಚಿಕ್ಕ ಯಂತ್ರಕ್ಕೆ ತೂರಿಸಿ ದಿನ, ಸಮಯ ಅಚ್ಚು ಹಾಕಿಸಿಕೊಳ್ಳಲೇಬೇಕು. ಫೋನಿನಲ್ಲಿ ಕೊಂಡ ಟಿಕೆಟ್ಟಿಗೆ ಹೊರಡುವ ಮೊದಲು ಚೆಕ್-ಇನ್ ಒತ್ತಬೇಕು. ಇಲ್ಲದಿದ್ದರೆ ಕೈಯಲ್ಲಿ ಟಿಕೆಟ್ ಇದ್ದೂ ದಂಡ. ಅಚ್ಚಿಲ್ಲದ ಟಿಕೆಟನ್ನು ಮತ್ತೊಮ್ಮೆ ಬಳಸಬಹುದಾದ್ದರಿಂದ ಪರೀಕ್ಷಕರು ಇದರಲ್ಲಿ ಬಿಗಿಯಾಗಿರುತ್ತಾರೆ.

ಇಟಲಿಯಿಂದ ಸ್ವಿಟ್ಜರ್ಲೆಂಡಿಗೆ ದಾಟುವ ದಾರಿಯಲ್ಲೇ ರೈಲಿನ ಹಿರಿಮೆ ಕಾಣುವುದು. ಆತುರವಿದ್ದರೆ ಮಿಲಾನ್–ಜ್ಯೂರಿಕ್ ನೇರ ರೈಲು, ಮೂರೂಕಾಲು ಗಂಟೆ ಸುಮಾರು. 2016ರಲ್ಲಿ ತೆರೆದ 57 ಕಿ.ಮೀ. ಉದ್ದದ ಗೊಟ್ಟಾರ್ಡ್ ಸುರಂಗ ಈ ದಾರಿಯಲ್ಲೇ ಇದೆ. ಆದರೆ ಒಂದು ಹಗಲು ಕೊಡಲು ಸಾಧ್ಯವಿದ್ದರೆ ಸುರಂಗ ಬಿಟ್ಟು ಬೆಟ್ಟ ಹತ್ತಿ. ಮಿಲಾನೊ ಚೆಂತ್ರಾಲೆಯಿಂದ ತಿರಾನೊಗೆ ಸಾಧಾರಣ ರೈಲು, ಎರಡೂವರೆ ಗಂಟೆ. ಎಡಕ್ಕೆ ಕುಳಿತರೆ ಕೊಮೊ ಸರೋವರ ಜೊತೆಯಲ್ಲೇ ಬರುತ್ತದೆ. ತಿರಾನೊದಲ್ಲಿ ಚಿಕ್ಕ ಚೌಕ ದಾಟಿದರೆ ಸ್ವಿಸ್ ಕಡೆಯ ಕೆಂಪು ರೈಲು. ಬ್ರೂಸಿಯೊದಲ್ಲಿ ವೃತ್ತಾಕಾರದ ಸೇತುವೆ ಸುತ್ತಿ, ನೂರಕ್ಕೆ ಏಳರಷ್ಟು ಏರನ್ನು ಹಲ್ಲುಹಳಿಯ ಸಹಾಯವಿಲ್ಲದೆ ಏರಿ, 2,253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾ ಮುಟ್ಟಿ, ಸೇಂಟ್ ಮೊರಿಟ್ಸ್‌ಗೆ ಇಳಿಯುತ್ತದೆ. ಮುಂದೆ ಕೂರ್ ಎಂಬ ಊರಿನವರೆಗಿನ ಆಲ್ಬುಲಾ ದಾರಿಯಲ್ಲಿ 65 ಮೀಟರ್ ಎತ್ತರದ ಲಾಂಡ್‌ವಾಸರ್ ಕಮಾನು ಸೇತುವೆ. ತಿರಾನೊದಿಂದ, ಕೂರ್‌ಗಿಂತ ಮೊದಲು ಸಿಗುವ ತೂಸಿಸ್‌ವರೆಗಿನ ದಾರಿ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ‘ಬರ್ನಿನಾ ಎಕ್ಸ್‌ಪ್ರೆಸ್’ ಎನ್ನುವ ಗಾಜಿನ ಬೋಗಿಗೆ ಸೀಟು ಕಾಯ್ದಿರಿಸುವ ಶುಲ್ಕ ಬೇರೆ ಇದೆ. ಅದೇ ಹಳಿಯ ಮೇಲೆ ಓಡುವ ಸಾಧಾರಣ ರೈಲಿಗೆ ಅದಿಲ್ಲ. ಅದರ ಕೆಲವು ಕಿಟಕಿಗಳನ್ನು ಇಳಿಸಬಹುದಾದ್ದರಿಂದ ಫೋಟೋದಲ್ಲಿ ಗಾಜಿನ ಪ್ರತಿಬಿಂಬವೂ ಬರುವುದಿಲ್ಲ. ಸಾಧಾರಣ ರೈಲನ್ನೇ ಹತ್ತಿ.

ಸ್ವಿಟ್ಜರ್ಲೆಂಡಿನ ಒಳಗೆ ಎರಡು ಆಯ್ಕೆ. ಸ್ವಿಸ್ ಟ್ರಾವೆಲ್ ಪಾಸು 3, 4, 6, 8 ಅಥವಾ 15 ದಿನಕ್ಕೆ ಸಿಗುತ್ತದೆ. ರೈಲು, ಬಸ್ಸು, ಸರೋವರದ ಹಡಗು, ಊರೊಳಗಿನ ಟ್ರಾಮ್ ಎಲ್ಲ ಅದರಲ್ಲೇ. ಹಾಫ್ ಫೇರ್ ಕಾರ್ಡ್ ಒಂದು ತಿಂಗಳಿಗೆ. ಹೆಚ್ಚಿನೆಲ್ಲ ಟಿಕೆಟ್ ಅರ್ಧ ಬೆಲೆಗೆ. ದಿನಾ ಊರು ಬದಲಿಸುವವರಿಗೆ ಪಾಸು ಲಾಭ. ಇಂಟರ್‌ಲಾಕೆನ್ನಿನಲ್ಲೇ ಬೀಡುಬಿಟ್ಟು 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗೆ ಹೋಗುವವರಿಗೆ ಹಾಫ್ ಫೇರ್ ಕಾರ್ಡ್ ಲಾಭ, ಏಕೆಂದರೆ ಆ ದುಬಾರಿ ಟಿಕೆಟ್ಟಿಗೆ ಪಾಸಿನಲ್ಲಿ ಕಾಲು ಭಾಗ ಮಾತ್ರ ರಿಯಾಯಿತಿ, ಕಾರ್ಡಿನಲ್ಲಿ ಅರ್ಧ. ಇವುಗಳ ಜೊತೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ: ಉಚಿತ, ಅಪ್ಪನೋ ಅಮ್ಮನೋ ಜೊತೆಗಿದ್ದರೆ 6ರಿಂದ 15 ವರ್ಷದ ಮಕ್ಕಳಿಗೆ ಟಿಕೆಟ್ಟಿಲ್ಲ.

ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ಒಂದು ಎಚ್ಚರ. ಅಲ್ಲಿಂದ ಮೇಲೆ ಹೋಗುವ ರೈಲು ತ್ಸ್ವೈಲ್ಯೂಚಿನೆನ್‌ನಲ್ಲಿ ಎರಡಾಗಿ ಒಡೆಯುತ್ತದೆ. ಒಂದು ತುಂಡು ಲೌಟರ್‌ಬ್ರುನ್ನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ. ಹತ್ತುವ ಮೊದಲು ಬೋಗಿಯ ಹೊರಗಿನ ಫಲಕ ನೋಡಿ; ಅಜ್ಜ-ಅಜ್ಜಿ ಒಂದು ಬೋಗಿಗೆ, ಮಕ್ಕಳು ಇನ್ನೊಂದಕ್ಕೆ ಹತ್ತಿದರೆ ಎರಡು ಕಣಿವೆಗಳಲ್ಲಿ ಇಳಿಯುತ್ತಾರೆ. ಇನ್ನು ವೆಂಗೆನ್, ಮ್ಯೂರೆನ್, ಜರ್ಮಾಟ್ ಊರುಗಳಿಗೆ ಬಾಡಿಗೆ ಕಾರು ಹೋಗುವುದೇ ಇಲ್ಲ. ಜರ್ಮಾಟ್‌ಗೆ ಕಾರಿನಲ್ಲಿ ಬಂದವರು ಟೇಶ್‌ನಲ್ಲಿ ನಿಲ್ಲಿಸಿ ರೈಲನ್ನೇ ಹತ್ತಬೇಕು.

ತೊಂದರೆಗಳು ಇಲ್ಲವೆಂದಲ್ಲ. ಇಟಲಿಯಲ್ಲಿ ಆಗಾಗ ಮುಷ್ಕರ ಆಗುತ್ತದೆ, ಅಲ್ಲಿನ ಮಾತಿನಲ್ಲಿ ‘ಶೊಪೆರೊ’. ಅದು ಮುಂಚೆಯೇ ಘೋಷಣೆಯಾಗುತ್ತದೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕೆಂಬ ನಿಯಮವಿದೆ. ಮರಳುವ ವಿಮಾನದ ಹಿಂದಿನ ರಾತ್ರಿಯೇ ವಿಮಾನದ ಊರು ಸೇರಿಕೊಂಡರೆ ಮುಷ್ಕರದ ಭಯವಿಲ್ಲ. ಸಾಮಾನಿನದು ಇನ್ನೊಂದು ತೊಂದರೆ. ತಲೆಯ ಮೇಲಿನ ಅಟ್ಟದಲ್ಲಿ ಕ್ಯಾಬಿನ್ ಪೆಟ್ಟಿಗೆ ಕೂರುತ್ತದೆ, 28 ಇಂಚಿನದು ಕೂರುವುದಿಲ್ಲ. ನಡುವೆ ನಿಲ್ಲುವ ಸ್ಟೇಷನ್ನಿನಲ್ಲಿ ರೈಲು ಕೆಲವೇ ನಿಮಿಷ ನಿಲ್ಲುತ್ತದೆ. ಒಬ್ಬರಿಗೆ 24 ಇಂಚಿನ ಒಂದೇ ಪೆಟ್ಟಿಗೆ, ಅದನ್ನು ಅವರವರೇ ಎತ್ತುವಷ್ಟು ಭಾರ. ಇದೊಂದನ್ನು ಪಾಲಿಸಿದರೆ ಉಳಿದದ್ದು ಸುಲಭ.

ಕಾರಿನ ತೊಂದರೆ ಹಾಗೆ ಅಲ್ಲಿಗಲ್ಲಿಗೆ ಮುಗಿಯುವುದಿಲ್ಲ. ಇಟಲಿಯ ಹಳೆಯ ಊರುಗಳಲ್ಲಿ ‘ಝಡ್‌ಟಿಎಲ್’ ಎಂಬ ನಿರ್ಬಂಧಿತ ವಲಯವಿದೆ. ಗೇಟಿಲ್ಲ, ತಡೆಯುವ ಪೊಲೀಸರಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಪ್ರತಿ ಪ್ರವೇಶಕ್ಕೆ ಪ್ರತ್ಯೇಕ ದಂಡ. ಹೊರದೇಶದವರಿಗೆ ನೋಟಿಸ್ ಕಳಿಸಲು ಅಲ್ಲಿನ ಪೊಲೀಸರಿಗೆ 360 ದಿನಗಳ ಅವಕಾಶವಿದೆ. ಅದಕ್ಕೂ ಮೊದಲು, ನಿಮ್ಮ ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆಂದು ಬಾಡಿಗೆ ಕಂಪನಿ ಕ್ರೆಡಿಟ್ ಕಾರ್ಡಿನಿಂದ ಬೇರೆ ಶುಲ್ಕ ಕತ್ತರಿಸಿಕೊಂಡಿರುತ್ತದೆ. ಜೊತೆಗೆ, ಕುಟುಂಬದಲ್ಲಿ ಕಾರು ಓಡಿಸುವವರು ಒಬ್ಬರೇ ಆದರೆ ಆ ಒಬ್ಬರಿಗೆ ಹದಿನಾಲ್ಕು ದಿನ ಕಾಣುವುದು ಮುಂದಿನ ಗಾಡಿಯ ಹಿಂಭಾಗ. ರಾತ್ರಿಯಿಡೀ ವಿಮಾನದಲ್ಲಿ ನಿದ್ದೆಗೆಟ್ಟು ಇಳಿದು, ರಸ್ತೆಯ ಬಲಬದಿಯಲ್ಲಿ ಓಡಿಸುವುದನ್ನು ಅದೇ ದಿನ ಕಲಿಯುವುದು ಅಪಾಯ. ರೈಲಿನಲ್ಲಿ ಅವರೂ ಕಿಟಕಿ ಪಕ್ಕ ಕೂರುತ್ತಾರೆ, ಮಕ್ಕಳಿಗೆ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೊಡುತ್ತಾರೆ.

ವಿರೋಧ: ಐದು ದಿನವಾದರೂ ಕಾರು ಬೇಕು

ರೋಮ್, ಫ್ಲಾರೆನ್ಸ್, ವೆನಿಸಿನೊಳಗೆ ಕಾರು ಬೇಡ. ಇದರಲ್ಲಿ ತಕರಾರಿಲ್ಲ. ತಕರಾರಿರುವುದು, ಆ ಮೂರು ಊರು ನೋಡಿದರೆ ಇಟಲಿ ನೋಡಿದಂತೆ ಎಂದುಕೊಳ್ಳುವುದರಲ್ಲಿ. ರೈಲಿನ ಕಿಟಕಿಯಲ್ಲಿ ಗಂಟೆಗೆ 250 ಕಿ.ಮೀ. ವೇಗದಲ್ಲಿ, ಅದರಲ್ಲೂ ಸುರಂಗಗಳ ನಡುನಡುವೆ, ಮಿಂಚಿ ಮಾಯವಾಗುವ ಆ ಹಸಿರು ದಿಬ್ಬಗಳಿಗಾಗಿಯೇ ಜನ ಫ್ಲಾರೆನ್ಸಿನ ಸುತ್ತಲಿನ ಟಸ್ಕನಿ ಪ್ರಾಂತ್ಯಕ್ಕೆ ಬರುವುದು.

ಫ್ಲಾರೆನ್ಸಿನ ದಕ್ಷಿಣದ ವಾಲ್ ದೋರ್ಚಾ ಕಣಿವೆಯನ್ನೇ ತೆಗೆದುಕೊಳ್ಳಿ. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪಿಯೆಂಜಾ, ಮೊಂಟೆಪುಲ್ಚಾನೊ, ಸಾನ್ ಕ್ವಿರಿಕೊ, ಊರ ಚೌಕದಲ್ಲೇ ಬಿಸಿನೀರಿನ ಪುಷ್ಕರಣಿ ಇರುವ ಬಾನ್ಯೊ ವಿನ್ಯೋನಿ. ಇವೆಲ್ಲ ಒಂದರಿಂದ ಒಂದು ಹತ್ತು–ಹದಿನೈದು ಕಿ.ಮೀ. ದೂರದಲ್ಲಿವೆ, ಪ್ರತಿಯೊಂದೂ ದಿಬ್ಬದ ತಲೆಯ ಮೇಲೋ ಹೊಲದ ನಡುವೆಯೋ. ಹತ್ತಿರದ ದೊಡ್ಡ ರೈಲು ನಿಲ್ದಾಣ ಕಿಯೂಸಿ, ಅದಿರುವುದು ಕಣಿವೆಯ ಆಚೆ. ಸಿಯೆನಾದಿಂದ ಬಸ್ಸಿದೆ, ದಿನಕ್ಕೆ ಬೆರಳೆಣಿಕೆಯಷ್ಟು. ಶಾಲಾ ಮಕ್ಕಳ ವೇಳೆಗೆ ಹೊಂದಿಸಿದ್ದು, ಭಾನುವಾರ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬಸ್ಸನ್ನು ನಂಬಿದರೆ ದಿನಕ್ಕೆ ಒಂದು ಊರು. ಕಾರಿದ್ದರೆ ಮುಂಜಾನೆ ಮಂಜು ಕಣಿವೆಯಲ್ಲಿ ತುಂಬಿರುವಾಗ ಒಂದು, ಊಟಕ್ಕೆ ಒಂದು, ಸೂರ್ಯ ಇಳಿಯುವಾಗ ಇನ್ನೊಂದು. ಸೈಪ್ರೆಸ್ ಮರಗಳ ಆ ಹೆಸರಾದ ಸಾಲುಗಳಲ್ಲಿ ಹಲವು ಯಾವ ನಿಲ್ದಾಣದ ಹತ್ತಿರವೂ ಇಲ್ಲ. ರಸ್ತೆ ಬದಿ ಜಾಗ ಸಿಕ್ಕಲ್ಲಿ ನಿಲ್ಲಿಸಿ ಇಳಿಯಬೇಕು, ಅಷ್ಟೇ.

ಉಳಿಯುವ ಜಾಗವೂ ಬದಲಾಗುತ್ತದೆ. ‘ಅಗ್ರಿತುರಿಸ್ಮೊ’ ಎಂದರೆ ತೋಟದ ಮನೆ. ಆಲಿವ್ ತೋಟದ ನಡುವೆ ಎರಡು ಕೋಣೆ, ಅಡುಗೆಮನೆ. ಊರಿನಿಂದ ಮೂರು–ನಾಲ್ಕು ಕಿ.ಮೀ. ಮಣ್ಣು ರಸ್ತೆ. ಸಸ್ಯಾಹಾರಿ ಮನೆಯವರಿಗೆ, ಸಂಜೆಗೊಂದು ಅನ್ನ-ಸಾರು ಬೇಕೆನ್ನುವ ಹಿರಿಯರಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಬಹುದು. ತುಪ್ಪ, ಹಾಲಿನ ಸಿಹಿತಿಂಡಿ ಒಯ್ಯಬೇಡಿ: ಹೊರದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಮೊಸರು, ತರಕಾರಿ ಅಲ್ಲೇ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡು ಡಿಕ್ಕಿಗೆ ಹಾಕಿಕೊಂಡರಾಯಿತು. ಮಂಡಿನೋವಿನ ಅಜ್ಜಿ ಜೊತೆಗಿದ್ದರೆ, ‘ಅವರವರ ಪೆಟ್ಟಿಗೆ ಅವರವರೇ ಎತ್ತಬೇಕು’ ಎನ್ನುವ ನಿಯಮ ಮೊದಲ ಸ್ಟೇಷನ್ನಿನಲ್ಲೇ ಮುರಿದುಬೀಳುತ್ತದೆ.

ವೀಸಾದ ವಿಷಯದಲ್ಲೂ ಕಾರು ಸುಲಭ. ಬಹುತೇಕ ಬಾಡಿಗೆ ಬುಕಿಂಗುಗಳನ್ನು 48 ಗಂಟೆ ಮೊದಲವರೆಗೆ ಪುಕ್ಕಟೆ ರದ್ದು ಮಾಡಬಹುದು. ಅಗ್ಗದ ರೈಲು ಟಿಕೆಟ್ಟಿನಲ್ಲಿ ಇಲ್ಲದ ಅನುಕೂಲ ಇದು.

ಹಾಗೆಂದು ತಯಾರಿಯಿಲ್ಲದೆ ಕೌಂಟರಿಗೆ ಹೋಗಬಾರದು. ಮೊದಲನೆಯದು ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ನಿಮ್ಮ ಡಿಎಲ್ ಯಾವ ಆರ್‌ಟಿಒಗೆ ಸೇರಿದೆಯೋ ಅಲ್ಲಿಗೆ, ಸಾರಥಿ ಪೋರ್ಟಲಿನ ಮೂಲಕ ನಮೂನೆ 4-ಎ. ಶುಲ್ಕ 1,000 ರೂ., ಒಂದು ವರ್ಷ ಚಾಲ್ತಿ. ಹೊರಡುವ ಮೊದಲು ಇಲ್ಲೇ ಪಡೆಯಬೇಕು, ಅಲ್ಲಿ ಹೋದ ಮೇಲೆ ಸಿಗದು. ಮೂಲ ಡಿಎಲ್ ಇಲ್ಲದೆ ಅದೊಂದಕ್ಕೇ ಬೆಲೆಯಿಲ್ಲ; ಎರಡನ್ನೂ ಒಯ್ಯಬೇಕು. ಎರಡನೆಯದು ಕ್ರೆಡಿಟ್ ಕಾರ್ಡ್. ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು, ಅಂತರರಾಷ್ಟ್ರೀಯ ಬಳಕೆ ಆನ್ ಆಗಿರಬೇಕು, ಠೇವಣಿ ಹಿಡಿದಿಡುವಷ್ಟು ಮಿತಿ ಖಾಲಿ ಇರಬೇಕು. ಹೆಂಡತಿಯ ಕಾರ್ಡು, ಗಂಡನ ಲೈಸೆನ್ಸು ಎಂದರೆ ಅಲ್ಲಿ ಒಪ್ಪುವುದಿಲ್ಲ. ಡೆಬಿಟ್ ಕಾರ್ಡನ್ನು ಅನೇಕ ಕಂಪನಿಗಳು ಮುಟ್ಟುವುದಿಲ್ಲ.

ಗಾಡಿಯ ಆಯ್ಕೆಯಲ್ಲಿ ಎರಡು ತಪ್ಪು ಮಾಮೂಲು. ಯುರೋಪಿನ ಬಾಡಿಗೆ ಕಾರುಗಳು ಬೇರೆ ಹೇಳದಿದ್ದರೆ ಮ್ಯಾನ್ಯುಯಲ್. ಬಲಗೈಯಲ್ಲಿ ಗೇರ್ ಹಾಕುವುದನ್ನು ಹೊಸದಾಗಿ ಕಲಿಯುವುದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟು ಆಟೋಮ್ಯಾಟಿಕ್ ಹಿಡಿಯಿರಿ, ಬೇಗ ಬುಕ್ ಮಾಡಿ. ಎರಡನೆಯದು, ಅಗ್ಗವೆಂದು ಸಣ್ಣ ಕಾರು. ಫಿಯಟ್ ಪಾಂಡಾದಂಥದ್ದರ ಡಿಕ್ಕಿಯಲ್ಲಿ ನಾಲ್ಕು ಪೆಟ್ಟಿಗೆ ಹಿಡಿಯುವುದಿಲ್ಲ, ಉಳಿದವು ಹಿಂದಿನ ಸೀಟಿನಲ್ಲಿ ಕಾಣುವಂತೆ ಇರುತ್ತವೆ. ಗಾಜು ಒಡೆದು ಕದಿಯುವವರಿಗೆ ಅದೇ ಆಹ್ವಾನ. ನಾಲ್ವರಿಗೆ ಸ್ಟೇಷನ್ ವ್ಯಾಗನ್ ಸರಿ. ಇಟಲಿಯಲ್ಲಿ 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಅವರ ಅಳತೆಯ ಸೀಟು ಕಡ್ಡಾಯ.

ವಿಮೆಯನ್ನು ನಿಧಾನವಾಗಿ ಓದಿ. ಇಟಲಿಯಲ್ಲಿ ಅಪಘಾತ, ಕಳ್ಳತನದ ರಕ್ಷಣೆ ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ, ಆದರೆ ಮೊದಲ ಸಾವಿರ–ಎರಡು ಸಾವಿರ ಯೂರೋ ನಷ್ಟ ನಿಮ್ಮದೇ. ಟಯರ್, ಚಕ್ರ, ಮುಂಗಾಜು, ಗಾಡಿಯ ತಳ ಬಹಳ ಸಲ ವಿಮೆಯ ಹೊರಗೆ. ನಮ್ಮವರು ಹೆಚ್ಚಾಗಿ ಹಾಳುಮಾಡುವುದು ಇವನ್ನೇ, ಅದಕ್ಕೆ ಕಾರಣವಿದೆ. ವರ್ಷಗಟ್ಟಲೆ ಬಲಸೀಟಿನಲ್ಲಿ ಕೂತ ಚಾಲಕರ ಕಣ್ಣಿಗೆ ಗಾಡಿಯ ಹೆಚ್ಚಿನ ಭಾಗ ಎಡಕ್ಕಿರುತ್ತದೆ ಎಂಬ ಅಂದಾಜು ಕೂತುಬಿಟ್ಟಿರುತ್ತದೆ. ಎಡಸೀಟಿಗೆ ಬಂದಾಗ ಅದೇ ಅಂದಾಜಿನಲ್ಲಿ ಓಡಿಸಿದರೆ ಗಾಡಿ ತಾನಾಗಿ ಬಲಕ್ಕೆ ಸರಿಯುತ್ತದೆ. ಬಲಗಡೆಯ ಚಕ್ರ ಕಟ್ಟೆಗೆ ಉಜ್ಜುತ್ತದೆ, ಬಲಗನ್ನಡಿ ಗೋಡೆಗೆ ತಾಗುತ್ತದೆ. ಮೊದಲ ಅರ್ಧ ದಿನ ಪಕ್ಕದಲ್ಲಿ ಕೂತವರು ‘ಬಲಕ್ಕೆ ಹತ್ತಿರ ಹೋಯಿತು’ ಎಂದು ಹೇಳುತ್ತಿರಲಿ. ಚಕ್ರ-ಗಾಜು ಸೇರಿದ ಪೂರ್ಣ ರಕ್ಷಣೆ ಕೊಳ್ಳಿ. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡ.

ಬಲಬದಿಯ ಚಾಲನೆ ಅಂದುಕೊಂಡಷ್ಟು ಕಷ್ಟವಲ್ಲ. ಎದುರಿಗೆ ಗಾಡಿಗಳಿರುವಾಗ ಯಾರೂ ತಪ್ಪುವುದಿಲ್ಲ. ತಪ್ಪುವುದು ಖಾಲಿ ರಸ್ತೆಯಲ್ಲಿ: ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ತೋಟದ ಮನೆಯಿಂದ ಬೆಳಿಗ್ಗೆ ಹೊರಡುವಾಗ, ಎಡತಿರುವು ತೆಗೆದುಕೊಂಡ ಮೇಲೆ. ‘ನಾನು ಕೂತಿರುವ ಕಡೆ ರಸ್ತೆಯ ನಡುಗೆರೆ ಇರಬೇಕು’ ಎಂಬುದೊಂದನ್ನು ನೆನಪಿಟ್ಟರೆ ಸಾಕು. ವೃತ್ತದಲ್ಲಿ ಬಲಕ್ಕೆ ಹೊಕ್ಕು, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿ, ಒಳಗಿರುವ ಗಾಡಿಗೆ ದಾರಿ ಬಿಡಬೇಕು. ಇಳಿದ ದಿನವೇ ಓಡಿಸಬೇಡಿ, ಈ ಮಾತನ್ನು ಎದುರು ವಾದದವರು ಸರಿಯಾಗಿಯೇ ಹೇಳಿದ್ದಾರೆ. ರೋಮ್‌ನಲ್ಲಿ ಮೂರು ದಿನ ನಡೆದು, ಫ್ಲಾರೆನ್ಸಿಗೆ ರೈಲಿನಲ್ಲಿ ಬಂದು, ಆರನೆಯ ದಿನ ಕಾರು ತೆಗೆದುಕೊಳ್ಳಿ. ಆ ಹೊತ್ತಿಗೆ ಕಣ್ಣು ಬಲಬದಿಯ ಓಡಾಟಕ್ಕೆ ಹೊಂದಿಕೊಂಡಿರುತ್ತದೆ.

ಝಡ್‌ಟಿಎಲ್ ಭಯಕ್ಕೂ ಮದ್ದಿದೆ. ಬಿಳಿ ಫಲಕದಲ್ಲಿ ಕೆಂಪು ವೃತ್ತ, ಪಕ್ಕದಲ್ಲಿ ‘ವಾರ್ಕೊ ಅತ್ತಿವೊ’ ಎಂದು ಬೆಳಗುತ್ತಿದ್ದರೆ ಒಳಗೆ ನಿಷೇಧ ಜಾರಿಯಲ್ಲಿದೆ ಎಂದರ್ಥ; ‘ನೊನ್ ಅತ್ತಿವೊ’ ಎಂದಿದ್ದರೆ ಆಗ ನಿಷೇಧವಿಲ್ಲ. ಎಡವಟ್ಟಾಗುವುದು ನ್ಯಾವಿಗೇಷನ್‌ಗೆ ‘ಸಿಯೆನಾ’ ಎಂದಷ್ಟೇ ಹಾಕಿದಾಗ. ಅದು ನೇರ ಊರ ನಡುವಿಗೆ ಕರೆದೊಯ್ಯುತ್ತದೆ. ಊರಿನ ಹೆಸರು ಹಾಕಲೇಬೇಡಿ, ಪಾರ್ಕಿಂಗಿನ ಹೆಸರು ಹಾಕಿ. ಸಿಯೆನಾದಲ್ಲಿ ‘ಸಾಂತಾ ಕತೆರೀನಾ’ ಪಾರ್ಕಿಂಗಿನಿಂದ ಊರಿನವರೆಗೆ ಚಲಿಸುವ ಮೆಟ್ಟಿಲುಗಳಿವೆ, ಹಿರಿಯರಿಗೂ ಆಯಾಸವಿಲ್ಲ. ನಿಲ್ಲಿಸುವಾಗ ನೆಲದ ಗೆರೆ ನೋಡಿ: ಬಿಳಿ ಎಂದರೆ ಪುಕ್ಕಟೆ, ನೀಲಿ ಎಂದರೆ ಯಂತ್ರದಲ್ಲಿ ಹಣ ಕಟ್ಟಿ ಚೀಟಿ ಗಾಜಿನೊಳಗಿಡಬೇಕು, ಹಳದಿ ಎಂದರೆ ಸ್ಥಳೀಯರದು, ಮುಟ್ಟಬೇಡಿ. ಹೋಟೆಲ್ ವಲಯದೊಳಗಿದ್ದರೆ ನಿಮ್ಮ ನಂಬರನ್ನು ನಗರಪಾಲಿಕೆಗೆ ಕಳಿಸುವಂತೆ ಮೊದಲೇ ಕೇಳಿಕೊಳ್ಳಬೇಕು.

ಟೋಲ್ ರಸ್ತೆಯ ಫಲಕ ಹಸಿರು, ಸಾಧಾರಣ ಹೆದ್ದಾರಿಯದು ನೀಲಿ. ಒಳಹೋಗುವಾಗ ಚೀಟಿ, ಹೊರಬರುವಾಗ ಹಣ. ಚೀಟಿ ಕಳೆದರೆ ಅತಿ ದೂರದ ಗೇಟಿನಿಂದ ಬಂದಂತೆ ಲೆಕ್ಕ ಹಾಕುತ್ತಾರೆ. ‘ಟೆಲೆಪಾಸ್’ ಮಾತ್ರ ಎಂದು ಬರೆದ ಹಳದಿ ಸಾಲಿಗೆ ಹೋಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ, ಗಾಡಿಯಲ್ಲಿ ಪೆಟ್ಟಿಗೆ ಇದ್ದವರಿಗೆ. ಬಂಕಿನಲ್ಲಿ ‘ಬೆಂಜೀನಾ’ ಎಂದರೆ ಪೆಟ್ರೋಲ್, ‘ಗಸೋಲಿಯೊ’ ಎಂದರೆ ಡೀಸೆಲ್. ಹೆಸರು ಕೇಳಿ ಮೋಸಹೋಗಿ ಪೆಟ್ರೋಲ್ ಗಾಡಿಗೆ ಗಸೋಲಿಯೊ ತುಂಬಿಸಿದವರಿದ್ದಾರೆ, ಅದು ಸಾಮಾನ್ಯವಾಗಿ ಬಾಡಿಗೆಯ ವಿಮೆಗೆ ಬರುವುದಿಲ್ಲ. ‘ಸೆಲ್ಫ್’ ಪಂಪಿನಲ್ಲಿ ನೀವೇ ತುಂಬಿಕೊಂಡರೆ ಅಗ್ಗ, ‘ಸೆರ್ವೀತೊ’ ಎಂದರೆ ಆಳು ತುಂಬಿಸುತ್ತಾರೆ, ಲೀಟರಿಗೆ ಹೆಚ್ಚು.

ಇನ್ನು ಸ್ವಿಟ್ಜರ್ಲೆಂಡ್. ಅಲ್ಲಿನ ರೈಲನ್ನು ಅಲ್ಲಗಳೆಯುವುದಿಲ್ಲ. ಆದರೆ ಮೈರಿಂಗೆನ್‌ನಿಂದ ಹೊರಟು ಗ್ರಿಮ್ಸೆಲ್, ಫುರ್ಕಾ, ಸುಸ್ಟೆನ್ ಎಂಬ ಮೂರು ಕಣಿವೆದಾರಿಗಳನ್ನು ಒಂದೇ ದಿನ ಸುತ್ತಿ ಬರುವ ಸುಮಾರು 120 ಕಿ.ಮೀ. ವೃತ್ತವನ್ನು ರೈಲು ಕೊಡಲಾರದು. ಮೂರೂ 2,100 ಮೀಟರ್ ಮೀರಿದವು, ಫುರ್ಕಾ 2,400 ದಾಟುತ್ತದೆ. ಹಿಮ ಕರಗಿ ತೆರೆಯುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ, ಅಕ್ಟೋಬರಿನವರೆಗೆ. ಏಪ್ರಿಲ್–ಮೇ ಶಾಲಾ ರಜೆಯಲ್ಲಿ ಹೋಗುವವರಿಗೆ ಇದು ಸಿಗದು ಎಂಬುದನ್ನು ಮೊದಲೇ ತಿಳಿದಿರಬೇಕು. ಆಗುಂಬೆ, ಚಾರ್ಮಾಡಿ ಘಾಟಿ ಏರಿಳಿದ ಕೈಗೆ ಈ ತಿರುವುಗಳು ಹೊಸವಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಹಿಡಿಯದೆ ಕಡಿಮೆ ಗೇರಿನಲ್ಲಿ ಇಳಿಯುವುದು, ಆಟೋಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ 2ನೇ ಗೇರ್ ಹಿಡಿಯುವುದು, ಅದೇ ಪಾಠ. ಒಂದು ನಿಯಮ ಮಾತ್ರ ಹೊಸದು: ಹಳದಿ ಕೊಂಬಿನ ಚಿತ್ರವಿರುವ ರಸ್ತೆಯಲ್ಲಿ ಅಂಚೆ ಬಸ್ಸಿಗೆ ಮೊದಲ ದಾರಿ. ಮೂರು ಸ್ವರದ ಹಾರ್ನ್ ಕೇಳಿದರೆ ಅಗಲವಿದ್ದಲ್ಲಿ ನಿಂತು, ಬಸ್ ಚಾಲಕರು ಹೇಳಿದಂತೆ ಸರಿಯಬೇಕು.

ಈ ಕಾರನ್ನು ಸ್ವಿಟ್ಜರ್ಲೆಂಡಿನಲ್ಲೇ ಒಂದೆರಡು ದಿನಕ್ಕೆ ಪಡೆಯಿರಿ. ಇಟಲಿಯಲ್ಲಿ ತೆಗೆದುಕೊಂಡು ಜ್ಯೂರಿಕ್‌ನಲ್ಲಿ ಬಿಟ್ಟರೆ, ದೇಶ ದಾಟಿಸಿ ಬಿಟ್ಟದ್ದಕ್ಕೆ ನೂರಾರು ಯೂರೋ ದಂಡದಂಥ ಶುಲ್ಕ ಬೀಳುತ್ತದೆ. ಸ್ವಿಸ್ ಕಾರಿನಲ್ಲಿ 40 ಫ್ರಾಂಕಿನ ಹೆದ್ದಾರಿ ಚೀಟಿ ಇದ್ದೇ ಇರುತ್ತದೆ. ಅದಿಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್. ವೇಗದಲ್ಲಿ ಅಲ್ಲಿ ಕರುಣೆಯಿಲ್ಲ: ಊರೊಳಗೆ ಮಿತಿಗಿಂತ 5 ಕಿ.ಮೀ.ವರೆಗೆ ಹೆಚ್ಚಿದ್ದರೆ 40 ಫ್ರಾಂಕ್, 6ರಿಂದ 10 ಹೆಚ್ಚಿದ್ದರೆ 120.

ಟಸ್ಕನಿಯ ಕಾರನ್ನು ಫ್ಲಾರೆನ್ಸ್ ವಿಮಾನ ನಿಲ್ದಾಣದಲ್ಲೇ ಪಡೆದು ಅಲ್ಲೇ ಹಿಂದಿರುಗಿಸಿ. ಊರೊಳಗಿನ ಕಚೇರಿಗಳು ಝಡ್‌ಟಿಎಲ್ ಅಂಚಿನಲ್ಲಿರುತ್ತವೆ, ಎಷ್ಟೋ ಕಡೆ ಮಧ್ಯಾಹ್ನ ಊಟಕ್ಕೆ ಮುಚ್ಚಿ, ಭಾನುವಾರ ತೆರೆಯುವುದೇ ಇಲ್ಲ. ಪಡೆಯುವಾಗ ನಾಲ್ಕೂ ಚಕ್ರ, ನಾಲ್ಕೂ ಮೂಲೆ, ಚಾವಣಿ, ಗಾಜು ಸೇರಿಸಿ ಒಂದು ವಿಡಿಯೊ. ಬಿಡುವಾಗ ಹತ್ತಿರದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ ರಸೀದಿ, ಇಂಧನದ ಮುಳ್ಳು ಮತ್ತು ಓಡಿದ ಕಿ.ಮೀ. ಕಾಣುವ ಫೋಟೋ, ಮತ್ತೆ ಅದೇ ವಿಡಿಯೊ. ಕಚೇರಿ ಮುಚ್ಚಿದ ಮೇಲೆ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೋದರೆ, ಅವರು ಬಂದು ನೋಡುವವರೆಗೆ ಆಗುವ ಗೀರು ನಿಮ್ಮ ಲೆಕ್ಕಕ್ಕೇ ಬರುತ್ತದೆ. ಆದ್ದರಿಂದ ಆಳು ಇರುವಾಗಲೇ ಒಪ್ಪಿಸಿ ಸಹಿ ಮಾಡಿಸಿಕೊಳ್ಳಿ. ಬಾಡಿಗೆ ಕಚೇರಿಗಳು ಟರ್ಮಿನಲ್ಲಿನಿಂದ ಸ್ವಲ್ಪ ದೂರ, ನಡುವೆ ಷಟಲ್ ಬಸ್ಸಿದೆ. ಟರ್ಮಿನಲ್ ಎದುರಿನಿಂದ ಟಿ2 ಟ್ರಾಮ್ ಸುಮಾರು ಇಪ್ಪತ್ತು ನಿಮಿಷದಲ್ಲಿ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ ಬಳಿ ಇಳಿಸುತ್ತದೆ. ಇವೆಲ್ಲಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡು, ವೆನಿಸಿನ ರೈಲನ್ನು ಅದರ ಮುಂದಿನ ಹೊತ್ತಿಗೆ ಬುಕ್ ಮಾಡಿ.